ಏಳನೇ ಹಲ್ಲು

ಬೀಗ ರಿಪೇರಿಗೆ ಬಂದರೆ ಅವಳು ಮೊದಲು ಕಿವಿ ಇಡುತ್ತಿದ್ದಳು. ಕಡ್ಡಿಯೊಂದನ್ನು ಒಳಗೆ ಆಡಿಸಿ, ಸದ್ದು ಕೇಳಿ, ಎಲ್ಲಿ ಸವೆದಿದೆ ಎಂದು ಹೇಳಿಬಿಡುವಳು. ಅದಕ್ಕೇ ಗಂಡ ಅವಳನ್ನು ‘ಕಿವಿ’ ಎಂದು ಕರೆದ. ಊರು ಅದಕ್ಕೊಂದು ಅಕ್ಕ ಸೇರಿಸಿ ‘ಕಿವಿಯಕ್ಕ’ ಮಾಡಿತು.

ಊರಿನ ತಲೆಯ ಮೇಲೆ, ಬಂಡೆಯ ತುದಿಯಲ್ಲಿ, ಮಂತ್ರವಾದಿಯ ಗೋಪುರವಿತ್ತು. ಅದರ ಬೀಗಗಳನ್ನೆಲ್ಲ ಮಾಡಿದ್ದು ಈ ಗಂಡಹೆಂಡತಿಯೇ. ಕೊನೆಯ ಬೀಗ ಕೂರಿಸಲು ಹೋದ ಗಂಡ ಮರಳಲಿಲ್ಲ. ಒಳಗಿನ ಗುಟ್ಟು ಬಲ್ಲವರನ್ನು ಹೊರಗೆ ಬಿಡುವುದಿಲ್ಲವೆಂದು ಕಾವಲುಗಾರರು ಹೇಳಿಹೋದರು. ಆ ಬೀಗದ ಕೀಲಿಯಲ್ಲಿ ಏಳನೇ ಹಲ್ಲು ಕೊರೆದವಳು ಹೆಂಡತಿ ಎಂಬುದನ್ನು ಮಾತ್ರ ಅವನು ಬಾಯಿಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಅವಳೂ ಉಳಿಯುತ್ತಿರಲಿಲ್ಲ.

ಒಂಬತ್ತು ವರ್ಷ ಕಳೆದವು. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅತ್ತೆ ಸೊಸೆ, ಎಣ್ಣೆ ಸೀಗೆಕಾಯಿಯ ಹಾಗೆ. ಸೊಸೆ ನೀರು ಕಾಯಿಸಿದರೂ ಅತ್ತೆಗೆ ಒಂದೋ ಬಿಸಿ ಹೆಚ್ಚು, ಇಲ್ಲವೇ ಕಡಿಮೆ. ಮಂಚದ ಕೆಳಗಿದ್ದ ತನ್ನ ಮರದ ಪೆಟ್ಟಿಗೆಯನ್ನಂತೂ ಮುಟ್ಟಗೊಡುತ್ತಿರಲಿಲ್ಲ.

ಕತ್ತಿ ಕಟ್ಟಿಕೊಂಡ ಸಾಹಸಿಗರು ಆಗಾಗ ಬಂದು, ಹಗ್ಗ, ದೀಪ ಕೊಂಡು ಬಂಡೆ ಹತ್ತುತ್ತಿದ್ದರು. ನಾಲ್ವರು ಕೀಲಿ ಕೇಳಿದ್ದರು. ಗೋಪುರದ ಕೀಲಿ ಮಾಡಿದವರ ಕೈ ಕಡಿಯುವ ಆಜ್ಞೆಯಿತ್ತು. ಕಿವಿಯಕ್ಕ ತನಗೇನೂ ಗೊತ್ತಿಲ್ಲವೆಂದು ಸಾಗಹಾಕಿದಳು. ಅವರಾರೂ ಇಳಿದು ಬರಲಿಲ್ಲ. ನಾಲ್ವರ ಮುಖವೂ ಅವಳಿಗೆ ಚೆನ್ನಾಗಿ ನೆನಪಿತ್ತು.

ಐದನೆಯವಳು ಒಂದು ಮಧ್ಯಾಹ್ನ ಒಳನುಗ್ಗಿದಳು. ಇಪ್ಪತ್ತು ದಾಟಿದ ಹುಡುಗಿ, ಬಂಡೆಯ ಸುತ್ತಲ ಕಂದಕ ಈಜಿ ತೊಪ್ಪೆಯಾಗಿದ್ದಳು. ಕವಲು ಬಂದಲ್ಲೆಲ್ಲ ಎರಡು ದಾಳ ಉರುಳಿಸಿ ದಾರಿ ಆರಿಸುವವಳು. ಮೈಯಲ್ಲಿ ಇನ್ನೆಷ್ಟು ಬಲ ಉಳಿದಿದೆ ಎಂದು ಪುಟ್ಟ ಪುಸ್ತಕದಲ್ಲಿ ಬರೆದಿಡುವವಳು. ಗೋಪುರದ ಒಳಬಾಗಿಲ ತನಕ ಹೋಗಿ ಕಾವಲುಗಾರರಿಂದ ತಪ್ಪಿಸಿಕೊಂಡು ಬಂದಿದ್ದಳು.

“ಬೀಗದ ತೂತಿನಿಂದ ಯಾರೋ ಮಾತಾಡಿದ್ರು,” ಅಂದಳು. “‘ಕೆಳಗೆ ಕಿವಿ ಇದಾಳೆ, ಏಳನೇ ಹಲ್ಲು ಅವಳಿಗೇ ಗೊತ್ತು’ ಅಂದ್ರು.”

ಕಿವಿಯಕ್ಕನ ಕೈಯಲ್ಲಿದ್ದ ಅರ ಕೆಳಗೆ ಬಿತ್ತು. ಕೋಣೆಯಿಂದ ಅತ್ತೆ ಹೊರಬಂದಳು. ಕೇಳಿಸಿಕೊಂಡಿದ್ದಳು. ಹುಡುಗಿಯ ರಟ್ಟೆ ಹಿಡಿದು ಒಳಗೆ ಕರೆದೊಯ್ದು, ಮಂಚದ ಕೆಳಗೆ, ಪೆಟ್ಟಿಗೆಯ ಹಿಂದೆ ತೂರಿಸಿದಳು. ಸೊಸೆ ಬೆರಳುದ್ದದ ಉಕ್ಕಿನ ತುಂಡೊಂದನ್ನು ಮೇಜಿನ ಇಕ್ಕಳದ ಹಿಡಿಕೆಗೆ ಸಿಕ್ಕಿಸಿ ಅರದಿಂದ ಉಜ್ಜತೊಡಗಿದಳು. ಒಂದು ಹಲ್ಲು, ಎರಡು, ಮೂರು. ಆರನೆಯದು ಮುಗಿಯುವಾಗ ಬಾಗಿಲಲ್ಲಿ ನೆರಳು ಬಿತ್ತು.

ಕಾವಲಿನ ನಾಯಕ ಒಬ್ಬನೇ ಬಂದಿದ್ದ. ಮನೆಮನೆ ಹುಡುಕುತ್ತಿದ್ದೇವೆ ಎಂದ. ನೆಲದ ಮೇಲಿನ ಒದ್ದೆ ಹೆಜ್ಜೆಗಳನ್ನು ನೋಡಿದ. ಅಷ್ಟರಲ್ಲಿ ಅತ್ತೆ ನೀರಿನ ಕೊಡ ತರುತ್ತ ಎಡವಿ, ಅದನ್ನೆಲ್ಲ ಅಲ್ಲೇ ಚೆಲ್ಲಿ, ಬೆಳಿಗ್ಗೆಯಿಂದ ಇದು ಎರಡನೇ ಸಲ, ಈ ಮನೆಯಲ್ಲಿ ಕೊಡ ಹೊರುವ ಗತಿ ನನಗೇ ಬಂತಲ್ಲ ಎಂದು ಸೊಸೆಯನ್ನು ಬಯ್ದಳು. ನಾಯಕನ ಕಣ್ಣು ಹಿಡಿಕೆಯತ್ತ ಹೊರಳಿತು.

“ಇದು ಯಾವುದರ ಕೀಲಿ?”

ಉತ್ತರ ಕೊಟ್ಟವಳು ಅತ್ತೆ. “ನನ್ನ ಪೆಟ್ಟಿಗೇದು. ಕೀಲಿ ಕಳೆದು ವಾರ ಆಯ್ತು. ಇವಳಿಗೆ ಊರವರ ಬೀಗ ಎಲ್ಲ ಕಾಣತ್ತೆ, ಅತ್ತೇದು ಕಾಣಲ್ಲ.”

“ಹಾಕಿ ತೋರಿಸು.”

ಮೂವರೂ ಕೋಣೆಗೆ ಹೋದರು. ಅತ್ತೆ ತಾನೇ ಪೆಟ್ಟಿಗೆ ಎಳೆದು, ಮಂಚದ ಮೇಲೆ ಕುಳಿತು, ಹೊದಿಕೆಯನ್ನು ನೆಲದವರೆಗೆ ಜೋಲುಬಿಟ್ಟಳು. ಕಿವಿಯಕ್ಕ ಮೊಣಕಾಲೂರಿದಳು. ಆ ಬೀಗವನ್ನು ಅವಳು ಎಂದೂ ಮುಟ್ಟಿರಲಿಲ್ಲ. ಆದರೆ ಅತ್ತೆ ಅದನ್ನು ತೆರೆಯುವ ಸದ್ದನ್ನು ಗೋಡೆಯಾಚೆಯಿಂದ ವರ್ಷಗಟ್ಟಲೆ ಕೇಳಿದ್ದಳು. ಒಳಗಿನ ಸ್ಪ್ರಿಂಗ್ ಸಡಿಲವಾಗಿದೆ, ಮೊಳೆ ಹಾಕಿದರೂ ತೆರೆಯುತ್ತದೆ ಎಂದು ಬಲ್ಲಳು. ಕೀಲಿ ತೂರಿಸಿ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದಳು. ಒತ್ತಿದಳು. ಬೆನ್ನ ಹಿಂದೆ ನಾಯಕ ಉಸಿರು ಬಿಡುವುದು ಕೇಳಿಸಿತು. ಬೀಗ ಬಿಚ್ಚಿಕೊಂಡಿತು.

ಒಳಗಿದ್ದದ್ದು ಗಂಡಸಿನ ಅಂಗಿಗಳು. ಅವಳ ಗಂಡನವು. ಒಗೆದು, ಮಡಿಸಿ, ಹರಿದಲ್ಲಿ ಹೊಲಿದಿಟ್ಟ ಅಂಗಿಗಳು. ಮನೆಯಲ್ಲಿ ಅವನ ಒಂದು ಬಟ್ಟೆಯಾದರೂ ಉಳಿದಿದೆಯೇ ಎಂದು ಅವಳು ಎಷ್ಟೋ ಸಲ ಹುಡುಕಿದ್ದಳು. ಅತ್ತೆ ಸುಟ್ಟಿರಬೇಕೆಂದು ಶಾಪವನ್ನೂ ಹಾಕಿದ್ದಳು.

ನಾಯಕ ಅಂಗಿಗಳನ್ನೂ ಮುದುಕಿಯನ್ನೂ ನೋಡಿದ. ಅವು ಯಾರವೆಂದು ಕೇಳಲಿಲ್ಲ. ಮುಚ್ಚಿಡಿ ಎಂದು ಹೇಳಿ ಹೊರಟುಹೋದ.

ಕಿವಿಯಕ್ಕ ಕೀಲಿಯನ್ನು ಮತ್ತೆ ಸಿಕ್ಕಿಸಿ ಏಳನೇ ಹಲ್ಲು ಕೊರೆಯತೊಡಗಿದಳು. ಅತ್ತೆ ಬಂದು ಹಿಡಿಕೆಯನ್ನು ಒತ್ತಿ ಹಿಡಿದುಕೊಂಡಳು. ಹುಡುಗಿಗೆ ಕೀಲಿ ಕೊಡುತ್ತ ಕಿವಿಯಕ್ಕ ಹೇಳಿದಳು: “ಮೊದಲು ಎಡಕ್ಕೆ ಅರ್ಧ ಸುತ್ತು, ಆಮೇಲೆ ಬಲಕ್ಕೆ. ಇದಕ್ಕೆ ದಾಳ ಹಾಕ್ಬೇಡ.” ಹುಡುಗಿ ತಲೆದೂಗಿ ಹೋದಳು. ಅವಳ ಹೆಸರನ್ನು ಯಾರೂ ಕೇಳಲಿಲ್ಲ.

ಎರಡು ದಿನ ಅತ್ತೆ ಸೊಸೆ ಜಗಳ ಆಡಲಿಲ್ಲ. ಬಾಗಿಲು ಬಡಿದರೆ ಇಬ್ಬರೂ ಒಟ್ಟಿಗೇ ಎದ್ದು ನಿಲ್ಲುವರು. ಮೂರನೆಯ ಬೆಳಿಗ್ಗೆ ಗೋಪುರದ ಬಾಗಿಲು ಹಾರುಹೊಡೆದಿದೆ ಎಂದು ಬೀದಿಯಲ್ಲಿ ಗುಲ್ಲೆದ್ದಿತು. ಬಂಡೆಯಿಂದ ಹನ್ನೊಂದು ಜನ ಬಿಸಿಲಿಗೆ ಕಣ್ಣು ಮುಚ್ಚಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದು ಇಳಿದರು. ಹುಡುಗಿ ಅವರನ್ನು ಕಂದಕದ ಸೇತುವೆಯ ತನಕ ತಲುಪಿಸಿ, ಕೂಡುದಾರಿಯಲ್ಲಿ ಕೂತು ದಾಳ ಹಾಕಿ, ಪೂರ್ವದ ದಾರಿ ಹಿಡಿದಳಂತೆ. ಮಂತ್ರವಾದಿ ಏನಾದನೆಂದು ಅವಳೂ ಹೇಳಲಿಲ್ಲ, ಆ ಹನ್ನೊಂದು ಜನರೂ ಹೇಳಲಿಲ್ಲ.

ಸಾಲಿನ ಕೊನೆಯಲ್ಲಿ ಅವನಿದ್ದ, ಮೈ ಅರ್ಧಕ್ಕರ್ಧ ಸೊರಗಿಹೋಗಿತ್ತು. ಅತ್ತೆ ಮಗನ ಬಳಿಗೆ ಓಡಲಿಲ್ಲ. ಒಳಗೆ ಹೋಗಿ ಒಂದು ಅಂಗಿ ತಂದು ಸೊಸೆಯ ಕೈಗಿಟ್ಟಳು.

“ನೀನೇ ಹಾಕು,” ಅಂದಳು. “ದೊಗಳೆ ಆಗತ್ತೆ. ನಾಳೆ ಹೊಲಿಗೆ ಹಿಡಿದು ಸಣ್ಣ ಮಾಡ್ಕೊಡ್ತೀನಿ.”