ಅಕ್ಕ ಏರಿಸಿದ ವೇಗ

ಸಿಂಧನೂರಿನ ಮಿಲ್ಲುಗಳಿಗೆ ಹೊಸ ಭತ್ತ ಬಂತೆಂದರೆ ಆಗೆಲ್ಲ ಅಲ್ಲಿ ಸುಡುವ ಹೊಟ್ಟಿನ ಬೂದಿ ನಮ್ಮ ಮನೆಯೊಳಗೂ ಹಾರಿ ಬರುತ್ತಿತ್ತು. ಒಣಹಾಕಿದ ಬಟ್ಟೆ, ಕುಂಟಾಬಿಲ್ಲೆ ಆಡುವ ನಮ್ಮ ಅಂಗಾಲು, ಮುಚ್ಚಿಟ್ಟ ರೊಟ್ಟಿ, ಎಲ್ಲವೂ ಕರ್ರಗೆ. ಅಂಥ ಒಂದು ಸುಗ್ಗಿಯಲ್ಲಿ ನನ್ನ ಅಕ್ಕ ಗಿರಿಜಾ ಮನೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ಅವಳು ಪಿಯುಸಿ, ನಾನು ಆರನೇ ತರಗತಿ. ಬರೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕುಣಿಸುವ ಹುಚ್ಚು ಅವಳಿಗೆ. ಅವಳ ನವಿಲು ಒಂದು ಹೆಜ್ಜೆ ಹಾಕುವುದರೊಳಗೆ ಯಂತ್ರ ನಿಂತೇಬಿಡುತ್ತಿತ್ತು. ಅದರ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ತುಸು ಏರಿಸುವ ಓವರ್‌ಕ್ಲಾಕಿಂಗನ್ನು ಅವಳು ಓದಿ ಕಲಿತಿದ್ದಳು.

ಮುಚ್ಚಳ ತೆಗೆದೊಡನೆ ನಾನು ಹಿಂದೆ ಸರಿದೆ. ಮೆತ್ತಿದ ಬೂದಿ, ಜಿರಳೆಯ ಹಿಕ್ಕೆ, ಫ್ಯಾನಿನ ಹಿಂದೆ ಒಣಗಿ ಅಂಟಿಕೊಂಡ ಹಲ್ಲಿ.

"ಥೂ! ವಾಂತಿ ಬಂದಂಗಾಗ್ತೈತಿ," ಎಂದೆ.

"ಮೂಗು ಮುಚ್ಕೊಂಡು ಬ್ರಶ್ ಕೊಡಬೇ. ಮೊದ್ಲು ಇದು ತಣ್ಣಗಿರಬೇಕು, ಆಮ್ಯಾಲ ಓಡ್ಬೇಕು."

ಎಲ್ಲ ಬಳಿದು ತೆಗೆದು, ಪ್ರೊಸೆಸರಿನ ಮೇಲೆ ಒಣಗಿದ್ದ, ಬಿಸಿ ಹೊರಹಾಕುವ ಪೇಸ್ಟು ಒರೆಸಿ ಹೊಸದು ಹಚ್ಚಿದಳು. ವೇಗವನ್ನು ಒಂದಿಷ್ಟೇ ಏರಿಸುವಳು, ಬಹಳ ಹೊತ್ತು ಓಡಿಸಿ ಬಿಸಿ ಎಷ್ಟಾಯಿತೆಂದು ನೋಡುವಳು, ಮತ್ತೆ ಒಂದಿಷ್ಟು. ಅದು ನೆಲೆಗೊಂಡ ಮೇಲೆಯೇ ಮೆಮೊರಿಯ ವೇಗಕ್ಕೆ ಕೈಹಾಕಿದಳು. ಒಮ್ಮೆ ಪರದೆ ಸ್ತಬ್ಧವಾಯಿತು. "ಇದರ ತಾಕತ್ತು ಇಷ್ಟ," ಎಂದು ವೇಗವನ್ನು ಒಂದು ಮೆಟ್ಟಿಲು ಇಳಿಸಿದಳು. ಸಂಜೆ ನವಿಲು ಎಲ್ಲೂ ತಡೆಯದೆ ಕುಣಿಯಿತು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತು, "ಅಯ್ಯ, ಖರೇನ ಕುಣಿಯಾಕತ್ತೈತಲ್ಲ!" ಎಂದಳು.

ಆ ಭಾನುವಾರ ಲಿಂಗಸುಗೂರಿನಿಂದ ಅಪ್ಪನ ತಮ್ಮ, ನಮ್ಮ ಕಾಕಾ ಬಂದ. ಬಚ್ಚಲಲ್ಲಿ ಗುಟ್ಕಾ ಉಗುಳಿ, ನೀರು ಸಹ ಹಾಕದೆ, ಮಿರ್ಚಿ ತಿಂದ ಎಣ್ಣೆ ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟ.

"ಇಷ್ಟಕ್ಕ ನಿಂತಿಯೇನು? ವೋಲ್ಟೇಜ್ ಏರ್ಸು, ಕುದುರಿಹಂಗ ಓಡ್ತೈತಿ."

"ಬ್ಯಾಡ ಕಾಕಾ, ಸುಟ್ಟು ಹೋಗ್ತೈತಿ."

"ನಂಗ ಕಲಿಸ್ತಿಯೇನು?"

ಅಕ್ಕ ಜೋಳ ಬೀಸಿಕೊಂಡು ಬರಲು ಗಿರಣಿಗೆ ಹೋದಳು. ಕಾಕಾ ಮನಸ್ಸಿಗೆ ಬಂದಷ್ಟು ಏರಿಸಿದ. ಸ್ವಲ್ಪ ಹೊತ್ತಿನಲ್ಲೇ ಸುಟ್ಟ ಪ್ಲಾಸ್ಟಿಕ್ಕಿನ ಗಬ್ಬುನಾತ ಮನೆ ತುಂಬಿತು. ಪರದೆ ಕಪ್ಪಾಯಿತು.

ಅಪ್ಪ ಒಳಗೆ ಬಂದಾಗ ಕಾಕಾ ಬಾಯಿ ಒರೆಸಿಕೊಂಡು, "ಅಣ್ಣಾ, ನಿನ್ನ ಮಗಳು ಬಿಚ್ಚಿ ಹಾಳು ಮಾಡ್ಯಾಳ ನೋಡು," ಎಂದ.

"ಸುಳ್ಳು! ಕಾಕಾನ ಮಾಡ್ಯಾನ. ಅಕ್ಕ ಬ್ಯಾಡಂದ್ರೂ ಕೇಳಲಿಲ್ಲ!" ಎಂದು ಕೂಗಿದೆ.

ಅಪ್ಪ ತಮ್ಮನ ಮುಖ ನೋಡಿದ. ಅಪ್ಪನಿಗೆ ನಿಜ ಗೊತ್ತಾಯಿತು. ಅವನಿಗೆ ಗೊತ್ತಾದದ್ದು ನನಗೂ ಕಂಡಿತು. ಆದರೂ, "ಬಾಯಿ ಮುಚ್ಚು. ದೊಡ್ಡವ್ರಿಗೆ ಹಂಗನ್ನಬಾರ್ದು," ಎಂದ. ಹಿಟ್ಟಿನ ಡಬ್ಬಿ ಹೊತ್ತು ಬಂದ ಅಕ್ಕನಿಗೆ, "ಇನ್ನ ಅದನ್ನ ಮುಟ್ಟಬ್ಯಾಡ," ಎಂದ. ಕಾಕಾ ಚಹಾ ಕೇಳಿದ. ಅವ್ವ ಕೊಟ್ಟಳು. ಅವತ್ತು ಹಲ್ಲಿಯನ್ನು ನೋಡಿ ಹುಟ್ಟಿದ ಹೇಸಿಗೆ ಕೈ ತೊಳೆದಾಗ ಹೋಗಿತ್ತು. ಕಾಕಾ ಬಸಿಯಿಂದ ಚಹಾ ಸೊರ್ರೆಂದು ಹೀರಿದ ಸದ್ದು ಇವತ್ತಿಗೂ ನನಗೆ ಅಸಹ್ಯ.

ಅಕ್ಕ ಈಗ ಮಸ್ಕಿಯಲ್ಲಿ ಶಾಲೆಯ ಟೀಚರ್. ಮೊನ್ನೆ ಅವಳ ಶಾಲೆಗೆ ಹೋದಾಗ ಅಲ್ಲಿನ ಕಂಪ್ಯೂಟರ್ ತೆವಳುತ್ತಿತ್ತು.

"ನೀನ ಒಂಚೂರು ಬಿಚ್ಚಿ ನೋಡಕ್ಕಾ," ಎಂದೆ.

"ಅದೆಲ್ಲ ನಂಗೇನ್ ತಿಳೀತೈತಿ? ಯಾರಾರ ಗಂಡಸರಿಗೆ ಹೇಳಿದ್ರಾತು," ಎಂದಳು.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ತನಗೆ ತಿಳಿಯದೆಂದು ಅವಳು ನಂಬಿಯೇಬಿಟ್ಟಿದ್ದಳು.