ಟ್ರೇಲರ್ ಬ್ರೇಕಿಗೆ ನಾನು ಹೇಳಿದ ವೈರು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಅಮೆರಿಕದ ನೋವೈ ಅನ್ನೋ ಊರಲ್ಲಿ ಮಗಳ ಮನೇಲಿದ್ದೆ, ಈಗಲೂ ಅಲ್ಲೇ ಇದೀನಿ. ಮೊಮ್ಮಗಳಿಗೆ ಚಿಕಾಗೋದಲ್ಲಿ ಕೆಲಸ ಸಿಕ್ಕಿತ್ತು. ಅವಳ ಮಂಚ, ಮೇಜು, ಪುಸ್ತಕ, ಬೇಡ ಬೇಡ ಅಂದರೂ ಮಗಳು ತುರುಕಿದ ಗ್ರೈಂಡರು, ಎಲ್ಲ ಒಂದು ಟ್ರೇಲರಿಗೆ ತುಂಬಿ ನಿಲ್ಲಿಸಿದ್ದರು. ಅಲ್ಲಿನ ಕಟ್ಟಡದವರು ಸಾಮಾನು ಏರಿಸೋಕೆ ಲಿಫ್ಟ್ ಕೊಟ್ಟಿದ್ದು ಶನಿವಾರ ಹತ್ತರಿಂದ ಹನ್ನೆರಡು ಮಾತ್ರ. ತಪ್ಪಿದರೆ ಇನ್ನು ಹದಿನೈದು ದಿನ ಇಲ್ಲ. ಸೋಮವಾರ ಹುಡುಗಿ ಕೆಲಸಕ್ಕೆ ಸೇರಬೇಕು.

ಶುಕ್ರವಾರ ಮಧ್ಯಾಹ್ನ ಅಳಿಯಂದಿರು ಕಾಲು ಹೊರಗೆ ಬಿಟ್ಟು, ಕಾರಿನ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಮಲಗಿದ್ದರು. ಅಷ್ಟು ಭಾರ ಎಳೆದರೆ ಟ್ರೇಲರಿಗೂ ತನ್ನದೇ ಬ್ರೇಕು ಬೇಕಂತೆ. ಇಲ್ಲಿ ಪೆಡಲ್ ತುಳಿದಿದ್ದು ಅದಕ್ಕೆ ಗೊತ್ತಾಗೋಕೆ ಒಂದು ಡಬ್ಬಿ ಕೂರಿಸಬೇಕಂತೆ. ಇವರು ಆಬರ್ನ್ ಹಿಲ್ಸ್‌ನಲ್ಲಿ ಒಂದು ಕಾರಿನ ಕಂಪನೀಲಿ ಇಂಜಿನಿಯರು. ಕಾರಿನ ಸೀಟು ಹಿಂದೆ ಮುಂದೆ ಜರುಗಿಸೋದು ಇವರ ಕೆಲಸ. ಹದಿನೆಂಟು ವರ್ಷದಿಂದ ಸೀಟೇ. ಸೀಟಿನಿಂದ ಎರಡಡಿ ಮುಂದೆ ಏನಿದೆ ಅಂತ ಅವತ್ತೇ ನೋಡಿದ್ದು ಅಂತ ಕಾಣುತ್ತೆ.

ನಾನು ಅಳಿಯಂದಿರ ಹತ್ತಿರ ನೇರ ಮಾತಾಡೋಳಲ್ಲ. ನಮ್ಮ ಕಡೆ ಪದ್ಧತಿ ಹಾಗೆ. ಸಾರಿಗೆ ಉಪ್ಪು ಸಾಕಾ ಅನ್ನೋದೂ ಮಗಳ ಮೂಲಕವೇ. ಇಪ್ಪತ್ತಾರು ವರ್ಷ ಅದರಲ್ಲೇ ಸುಖವಾಗಿದ್ವಿ.

ಡಬ್ಬಿಯಿಂದ ನಾಲ್ಕು ವೈರು ಬಂದಿದ್ದವು. ಕೆಂಪು, ಕಪ್ಪು, ಬಿಳಿ, ನೀಲಿ. ನಮ್ಮ ಯಜಮಾನರು ಮೈಸೂರಲ್ಲಿ ವೈರ್‌ಮನ್ ಆಗಿದ್ದರು. ಅವರಿಗೆ ಏಣಿ ಹಿಡಿದೂ ಹಿಡಿದೂ, ಓದು ಬರದಿದ್ದರೂ ನನಗೆ ವೈರು ಬರುತ್ತೆ. ಕೆಂಪಲ್ಲಿ ಕರೆಂಟು ಬರುತ್ತೆ, ಕಪ್ಪಲ್ಲಿ ವಾಪಸ್ ಹೋಗುತ್ತೆ. ಮಗಳಿಗೆ ಹೇಳಿದೆ. ಅವಳು ಮೂರಡಿ ದೂರದಲ್ಲಿದ್ದ ಗಂಡನಿಗೆ ದಾಟಿಸಿದಳು. ಅಳಿಯಂದಿರು ಡಬ್ಬಿ ಜೊತೆ ಬಂದಿದ್ದ ಕಾಗದ ನೋಡಿದರು, ನನ್ನ ಕಡೆ ನೋಡಿದರು, ಕಾಗದ ಮಡಿಚಿ ಜೇಬಿಗಿಟ್ಟರು. ಅತ್ತೆ ಹೇಳಿದ ಹಾಗೇ ಸೇರಿಸಿ, ಉಳಿದ ಬಿಳೀನ ಬ್ರೇಕ್ ಪೆಡಲಿನ ಸ್ವಿಚ್ಚಿಗೆ ಕೊಟ್ಟರು.

ಪೆಡಲ್ ತುಳಿದರು. ಟಪ್ ಅಂತು. ಡಬ್ಬೀಲಿ ಲೈಟು ಹತ್ತಲಿಲ್ಲ. ಕಾರಿನ ಹಿಂದಿನ ಬ್ರೇಕ್ ಲೈಟೂ ಹೋಯ್ತು.

ಮೊಮ್ಮಗಳು ಅಪ್ಪನ ಜೇಬಿಂದ ಕಾಗದ ಕಿತ್ತು ಇಂಗ್ಲಿಷಲ್ಲಿ ಓದಿದಳು. ಮಗಳು ಕನ್ನಡ ಮಾಡಿದಳು. ಈ ಡಬ್ಬಿಗೆ ಕರೆಂಟು ಬರೋದು ಕಪ್ಪಲ್ಲಂತೆ. ಬಿಳಿ ಕಾರಿನ ಮೈಗೆ, ಕೆಂಪು ಬ್ರೇಕ್ ಪೆಡಲಿನ ಸ್ವಿಚ್ಚಿಗೆ, ನೀಲಿ ಟ್ರೇಲರಿಗೆ. ಕಾಗದ ಓದಿಯೂ ಯಾಕೆ ಹೀಗೆ ಮಾಡಿದೆ ಅಂತ ಹುಡುಗಿ ಅಪ್ಪನ್ನ ಕೇಳಿದಳು, ಅಳು ಬರೋ ಹಾಗಿದ್ದಳು. ಅಳಿಯಂದಿರು ಮತ್ತೆ ಒಳಗೆ ತಲೆ ತೂರಿಸಿ, ನಾನೇ ಎಲ್ಲೋ ಲೂಸ್ ಮಾಡಿದೆ ಅಂತ ಸುಳ್ಳು ಹೇಳಿದರು.

ಇನ್ನು ಇದು ಮಗಳ ಮೂಲಕ ಹೇಳಿ ಕಳಿಸೋ ಮಾತಲ್ಲ. ಆ ಎರಡು ಕಾಲಿನ ಹತ್ತಿರ ಹೋಗಿ ನಿಂತೆ.

"ಅಳಿಯಂದ್ರೇ, ತಪ್ಪು ನಂದು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದು ನಿಮ್ದು. ಇನ್ನು ಕಾಗದದ ಮಾತು ಕೇಳಿ, ನನ್ನ ಮಾತು ಬಿಡಿ."

ಒಳಗೆ ತಲೆ ಬಡಿದ ಸದ್ದಾಯ್ತು.

"ಆಗಲಿ ಅತ್ತೆ."

ಮಗಳು ಕೆಲಸ ಕಳಕೊಂಡೋಳ ಹಾಗೆ ಇಬ್ಬರನ್ನೂ ನೋಡುತ್ತಾ ನಿಂತಳು.

ಪುಣ್ಯಕ್ಕೆ ಸುಟ್ಟಿದ್ದು ಫ್ಯೂಸ್ ಒಂದೇ. ಹೊಸದು ತಂದು ಹಾಕಿ, ಎಲ್ಲ ಬಿಚ್ಚಿ ಸೇರಿಸೋ ಹೊತ್ತಿಗೆ ಏಳು ಗಂಟೆ. ನಮ್ಮ ಬಡಾವಣೆ ಒಳಗೇ ಒಂದು ಸುತ್ತು ಹೊಡೆದರು. ಬ್ರೇಕ್ ಒತ್ತಿದರೆ ಟ್ರೇಲರು ಕಾರನ್ನ ಹಿಂದಿನಿಂದ ಹಿಡಿದು ನಿಲ್ಲಿಸಿತು.

ಮಾರನೇ ಬೆಳಿಗ್ಗೆ ನಾಲ್ಕೂವರೆಗೆ ಚಿಕಾಗೋಗೆ ಹೊರಟಾಗ ಅಳಿಯಂದಿರ ಹಿಂದಿನ ಸೀಟಲ್ಲಿ ಕೂತೆ. ಬೆಲ್ಟ್ ಹಾಕಿ, ಸೆರಗು ಹೊದ್ದು, ಫ್ರೀವೇ ಸಿಗೋ ಮುಂಚೆಯೇ ನಿದ್ದೆ ಹೋದೆ.