ಹಟ್ಟಿಕೇರಿ ಹಳ್ಳದಿಂದ ಬಂದ ಕೂಗು

ದಾಮು ಕೂಗಿದ್ದು ನನಗೆ ಕೇಳಿಸಿತ್ತು. ಸ್ಪಷ್ಟವಾಗಿ, ಎರಡು ಸಲ. ಕೇಳಿಸಲಿಲ್ಲ ಎಂದು ಇಷ್ಟು ವರ್ಷ ನಾನು ಹೇಳುತ್ತ ಬಂದದ್ದು ಸುಳ್ಳು. ಆ ಸುಳ್ಳಿನ ಬೆನ್ನಿಗೆ ಇನ್ನೊಂದಿದೆ, ಅದು ಇನ್ನೂ ನಾಚಿಕೆಗೇಡಿನದು — ಅದನ್ನೂ ಹೇಳುತ್ತೇನೆ. ಆದರೆ ಹೇಳಬೇಕೆಂದು ಕುಳಿತಾಗಲೆಲ್ಲ ಮೊದಲು ನೆನಪಾಗುವುದು ಆ ದಿನಗಳ ಸಂತೋಷ. ಇದೇ ನನ್ನ ತೊಂದರೆ. ತಪ್ಪು ಮಾಡಿದ ದಿನವನ್ನು ನೆನೆದರೆ ಅಳು ಬರಬೇಕಲ್ಲ — ನನಗೆ ನಗು ಬರುತ್ತದೆ.

ಸಾವಿರದ ಒಂಬೈನೂರ ಮೂವತ್ತರ ದಶಕ. ನನಗಾಗ ಇಪ್ಪತ್ತೊಂದು. ಕಾರವಾರದ ಕೋರ್ಟಿನಲ್ಲಿ ಕಾಗದಪತ್ರಗಳ ನಕಲು ಬರೆಯುವ ಕೆಲಸ. ಸಂಜೆ ಪೆನ್ನು ಕೆಳಗಿಟ್ಟರೆ ಸೈಕಲ್ಲು. ದಾಮು ಬೈತಖೋಲಿನ ಮೀನುಗಾರರ ಮನೆಯವನು, ನನ್ನದೇ ವಯಸ್ಸು. ದಿನಾ ಬೆಳಿಗ್ಗೆ ಬಂದರಿನ ದಕ್ಕೆಯಿಂದ ಮೀನಿನ ಬುಟ್ಟಿ ಕಟ್ಟಿಕೊಂಡು ಒಳಗಿನ ಊರುಗಳಿಗೆ ಸೈಕಲ್ಲಿನಲ್ಲೇ ಹೋಗಿ ಮಾರಿ ಬರುತ್ತಿದ್ದ. ಬಿಣಗಾದ ಏರಿನಲ್ಲಿ ನಾವೆಲ್ಲ ಇಳಿದು ಸೈಕಲ್ಲು ನೂಕುತ್ತಿದ್ದರೆ, ಅವನು ಬುಟ್ಟಿಯ ಭಾರದೊಂದಿಗೇ ತುಳಿದುಕೊಂಡು ಹೋಗುತ್ತಿದ್ದ. ಮುಖ ಕಂಡು ಗೊತ್ತಿತ್ತೇ ಹೊರತು ಗೆಳೆತನ ಇರಲಿಲ್ಲ.

ಆ ಬೇಸಿಗೆಯ ಆರಂಭದಲ್ಲಿ ಊರಿನ ತರುಣರ ಸಂಘವೊಂದು ಕಾರವಾರದಿಂದ ಅಂಕೋಲೆಯವರೆಗೆ ಸೈಕಲ್ ಪಂದ್ಯ ಏರ್ಪಡಿಸಿತು. ಗೆದ್ದವನಿಗೆ ಒಂದು ಬೆಳ್ಳಿಯ ಬಟ್ಟಲು. ಹನ್ನೊಂದು ಜನ ಹೆಸರು ಕೊಟ್ಟೆವು. ಅವರಲ್ಲಿ ಇಬ್ಬರು ಹುಬ್ಬಳ್ಳಿಯವರು, ಯಾವುದೋ ಸೈಕಲ್ ಅಂಗಡಿಯವರು ಸಂಬಳ ಕೊಟ್ಟು ಸಾಕಿದ್ದವರು. ಪಂದ್ಯದಲ್ಲಿ ಓಡಿಸುವುದೇ ಅವರ ಉದ್ಯೋಗ. ಬಗ್ಗಿದ ಹ್ಯಾಂಡಲ್ಲು, ಮೈಗಂಟಿದ ಬನಿಯನ್ನು, ಕಾಲಿಗೆ ಎಣ್ಣೆ. ನಾವು ಪಂಚೆಯ ಕಚ್ಚೆ ಬಿಗಿದು ನಿಂತಿದ್ದೆವು. ನೋಡಲು ಬಂದವರೆಲ್ಲ ಅವರನ್ನೇ ನೋಡುತ್ತಿದ್ದರು.

ಬಿಣಗಾ ಏರಿದಾಗ ಬಲಕ್ಕೆ ಸಮುದ್ರ ಕಂಡಿತು. ಬೆಳಗಿನ ಬಿಸಿಲು, ಕೆಂಪು ಮಣ್ಣಿನ ರಸ್ತೆ, ಎದೆಯಲ್ಲಿ ಢವಢವ — ನಾನು ಹುಬ್ಬಳ್ಳಿಯವರ ಹಿಂದೆ ಮೂರನೆಯವನು. ಆರ್ಗಾದ ಇಳಿಜಾರಿನಲ್ಲಿ ಕೆಳಗಿನಿಂದ ಎಮ್ಮೆಗಳ ಹಿಂಡೊಂದು ಬಂತು. ಮುಂದಿದ್ದವನು ಬ್ರೇಕು ಹಿಡಿದ, ಹಿಂದಿದ್ದವನು ಅವನಿಗೆ ಬಡಿದ, ನಾನು ಇಬ್ಬರ ಮೇಲೂ ಹೋಗಿ ಬಿದ್ದೆ. ಧೂಳು ಇಳಿದ ಮೇಲೆ ನೋಡಿದರೆ ಹುಬ್ಬಳ್ಳಿಯವನೊಬ್ಬ ಚರಂಡಿಯಲ್ಲಿ ಕುಳಿತು, ಮುರಿದ ಪೆಡಲನ್ನು ಕೈಯಲ್ಲಿ ಹಿಡಿದು ನಗುತ್ತಿದ್ದ. ಇನ್ನೊಬ್ಬನ ಚಕ್ರ ಹಪ್ಪಳದಂತೆ ಬಾಗಿತ್ತು. ನನ್ನ ಹ್ಯಾಂಡಲ್ಲು ತಿರುಗಿತ್ತು, ಮುಂದಿನ ಟ್ಯೂಬು ತೂತಾಗಿತ್ತು, ಎಮ್ಮೆಯ ಕಾಲಡಿಗೆ ಸಿಕ್ಕಿ ನನ್ನ ಪಂಪು ಚಪ್ಪಟೆಯಾಗಿತ್ತು.

ಹಿಂದಿನಿಂದ ದಾಮು ಬಂದ. ಉಳಿದ ಏಳು ಜನ ಬಿಣಗಾದ ಏರಿನಲ್ಲೇ ಸೋತು ಪಂದ್ಯ ಬಿಟ್ಟಿದ್ದರು. ದಾರಿ ಖಾಲಿ ಇತ್ತು, ಹೋಗಬಹುದಿತ್ತು. ಅವನು ಇಳಿದ. ಮೊದಲು ಹುಬ್ಬಳ್ಳಿಯವರನ್ನು ಎತ್ತಿ ನೆರಳಿಗೆ ಕೂರಿಸಿದ. ಆಮೇಲೆ ನನ್ನ ಚಕ್ರವನ್ನು ಎರಡು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ಲು ನೆಟ್ಟಗೆ ಮಾಡಿದ, ಟ್ಯೂಬಿಗೆ ತೇಪೆ ಹಚ್ಚಿದ.

"ನೀ ಹೋಗು ಮಾರಾಯ. ಬಟ್ಲು ಕೈ ತಪ್ತದೆ," ಎಂದೆ.

"ತಪ್ಲಿ. ಒಬ್ನೇ ಅಂಕೋಲೆಗೆ ಹೋಗಿ ಎಂತ ಮಾಡೂದು?"

ತೇಪೆ ಒಣಗುವಷ್ಟರಲ್ಲಿ ತನ್ನ ಪಂಪನ್ನು ನನ್ನ ಕೈಗಿಟ್ಟ. ಹಿತ್ತಾಳೆಯದು, ಹೊಳೆಯುತ್ತಿತ್ತು. "ಗಾಳಿ ನೀನೇ ಹೊಡ್ಕ. ಪಂಪು ಆಮೇಲೆ ಕೊಡು. ಜೋಪಾನ, ಅಣ್ಣಂದು ಅದು," ಎಂದು ಹೇಳಿ ಹೊರಟ. ಅವನ ಅಣ್ಣ ಆಗಬೋಟಿನಲ್ಲಿ, ಅಂದರೆ ಉಗಿಹಡಗಿನಲ್ಲಿ, ಕೆಲಸಕ್ಕಿದ್ದವನು, ಮುಂಬಯಿಯಿಂದ ತಂದದ್ದಂತೆ.

ನಾನು ಗಾಳಿ ತುಂಬಿ, ಪಂಪನ್ನು ಸೀಟಿನ ಹಿಂದೆ ಕಟ್ಟಿಕೊಂಡು, ಚೆಂಡಿಯಾದ ಹತ್ತಿರ ಅವನನ್ನು ಹಿಡಿದೆ. ಬೇಕೆಂದೇ ನಿಧಾನ ಹೋಗುತ್ತಿದ್ದ ಎಂದು ಈಗ ಅನಿಸುತ್ತದೆ. ಅಲ್ಲಿಂದ ಅಮದಳ್ಳಿ ದಾಟುವವರೆಗೆ ಇಬ್ಬರೂ ಪಕ್ಕಪಕ್ಕಕ್ಕೆ ಓಡಿಸಿದೆವು. ಗದ್ದೆಯಲ್ಲಿದ್ದವರು ಬದುವಿಗೆ ಬಂದು ಕೇಕೆ ಹಾಕಿದರು. ದಾಮು ಎರಡೂ ಕೈ ಬಿಟ್ಟು ಅವರಿಗೆ ನಮಸ್ಕಾರ ಮಾಡಿದ. ಅಂಥ ಹಗುರವಾದ ಗಳಿಗೆ ಮತ್ತೆ ನನಗೆ — ಇರಲಿ.

ಅವರ್ಸಾದಲ್ಲಿ ಅವನು, "ಇನ್ನು ಅವರವರ ಕಾಲು ಅವರವರಿಗೆ," ಎಂದು ನಕ್ಕು ತುಳಿದ. ನೋಡುತ್ತಿದ್ದಂತೆ ತಿರುವಿನಲ್ಲಿ ಮರೆಯಾದ. ನನಗೆ ಅವನನ್ನು ಹಿಡಿಯುವ ಶಕ್ತಿ ಇರಲಿಲ್ಲ.

ಹಟ್ಟಿಕೇರಿ ಹಳ್ಳದ ಮೋರಿಯ ಹತ್ತಿರ ಅವನ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಹಿಂದಿನ ಟೈರು ಬಿಚ್ಚಿತ್ತು. ದಾಮು ಕೆಳಗೆ ಹಳ್ಳಕ್ಕೆ ಇಳಿದು, ತೂತು ಎಲ್ಲಿದೆ ಎಂದು ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುತ್ತಿದ್ದ. ನನ್ನ ಸೈಕಲ್ಲಿನ ಸದ್ದು ಮೋರಿಯ ಮೇಲೆ ಕೇಳಿರಬೇಕು.

"ರಘೂ, ಪಂಪು ಕೊಟ್ಟು ಹೋಗು."

ನನ್ನ ಕಾಲು ನಿಂತಿತು. ನಿಜವಾಗಿ ನಿಂತಿತು, ಒಂದು ಸುತ್ತು ಚಕ್ರ ತಾನಾಗಿ ತಿರುಗಿತು. ಪಂಪನ್ನು ಬಿಚ್ಚಿ ರಸ್ತೆಯ ಮೇಲೆ ಎಸೆದು ಹೋಗಿದ್ದರೂ ಸಾಕಿತ್ತು. ಅದಕ್ಕೆಷ್ಟು ಹೊತ್ತು — ಹತ್ತು ಎಣಿಸುವಷ್ಟು. ಎರಡನೆಯ ಸಲ ಕೂಗಿದ, "ರಘೂ". ನಾನು ತಲೆ ಬಗ್ಗಿಸಿ ತುಳಿದೆ.

ಅಂಕೋಲೆ ಇನ್ನೊಂದು ಮೈಲಿ ಇದೆ ಎನ್ನುವಾಗ ಪಂಪಿನ ನೆನಪಾಯಿತು. ಅದು ನನ್ನ ಹತ್ತಿರ ಕಂಡರೆ ಎಲ್ಲ ಗೊತ್ತಾಗುತ್ತದೆ. ರಸ್ತೆಯ ಬದಿಯಲ್ಲಿ ಕೇದಗೆಯ ಮೆಳೆಯಿತ್ತು. ನಿಂತೆ. ಹೌದು, ಅವನಿಗಾಗಿ ನಿಲ್ಲದವನು ಇದಕ್ಕೆ ನಿಂತೆ. ಪಂಪನ್ನು ಮೆಳೆಯೊಳಗೆ ಬೀಸಿ ಎಸೆದು ಮುಂದೆ ಹೋದೆ.

ಅಂಕೋಲೆಯ ಪೇಟೆಯಲ್ಲಿ ನನಗೆ ಹಾರ ಹಾಕಿದರು, ಬಟ್ಟಲು ಕೊಟ್ಟರು. ಅದೆಲ್ಲ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಅದಾಗಿ ಗಂಟೆಯ ಮೇಲೆ ಬಂದ ದಾಮು. ಹಟ್ಟಿಕೇರಿಯಲ್ಲಿ ಒಕ್ಕಲು ಮನೆಯ ಮುದುಕಿಯೊಬ್ಬಳು ಇವನನ್ನು ನೋಡಿ, "ಎಂತಾ ತಮಾ, ಸೈಕಲ್ಲಿಗೂ ಹಸಿವಾಯ್ತಾ?" ಎಂದು ಕೇಳಿ ಒಂದು ಹೊರೆ ಹುಲ್ಲು ಕೊಟ್ಟಳಂತೆ. ಟ್ಯೂಬು ತೆಗೆದಿಟ್ಟು, ಟೈರಿನೊಳಗೆ ಹುಲ್ಲು ತುರುಕಿ ತುಳಿದುಕೊಂಡು ಬಂದಿದ್ದ. ಟೈರಿನ ಸಂದುಗಳಿಂದ ಹುಲ್ಲು ನಾಲ್ಕೂ ಕಡೆ ಹೊರಬಂದಿತ್ತು. ಪೇಟೆಯ ದನವೊಂದು ಅದನ್ನು ಕೀಳಲು ಅವನ ಹಿಂದೆಯೇ ಓಡಿ ಬರುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು. ಕೊನೆಯವನಾಗಿ ಬಂದವನಿಗೆ ಮೊದಲನೆಯವನಿಗಿಂತ ದೊಡ್ಡ ಮೆರವಣಿಗೆ. ನಾನೂ ಕುಣಿದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅದು ನಟನೆಯಲ್ಲ.

ಕೆಳಗಿಳಿದವನೇ ನನ್ನ ಹತ್ತಿರ ಬಂದು ಬಟ್ಟಲನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಚಲೋ ಉಂಟು. ನಾ ಕೂಗ್ದೆ, ನಿಂಗೆ ಕೇಳ್ಲಿಲ್ಲ ಅಲ್ದಾ? ಗಾಳಿ ಹಾಂಗಿತ್ತು."

ಸುಳ್ಳನ್ನು ಅವನೇ ಸಿದ್ಧ ಮಾಡಿ ಕೈಗಿಟ್ಟಂತಾಯಿತು.

"ಇಲ್ಲ ದಾಮು, ಕೇಳ್ಲಿಲ್ಲ."

"ಪಂಪು?"

"ಎಲ್ಲೋ ಬಿದ್ದೋಯ್ತು. ಹಟ್ಟಿಕೇರಿಗಿಂತ ಮುಂಚೆನೇ ಇರ್ಬೇಕು... ಇಲ್ಲಿ ಬಂದು ನೋಡಿದ್ರೆ ಇರಲಿಲ್ಲ."

ಅವನ ಮುಖ ಸಣ್ಣದಾಯಿತು, ಅಷ್ಟೆ. "ಹುಡ್ಕಿದ್ರೆ ಸಿಕ್ತದೆ. ಬರೂ ಆಯ್ತವಾರ ಬತ್ಯಾ?" ಎಂದ. ಬರುತ್ತೇನೆ ಎಂದೆ.

ನಾನು ಹೇಳುತ್ತೇನೆಂದ ಇನ್ನೊಂದು ಸುಳ್ಳು ಇದು. ಆ ಭಾನುವಾರ ಆರ್ಗಾದಿಂದ ಹಟ್ಟಿಕೇರಿಯವರೆಗೆ, ಪಂಪು ಖಂಡಿತ ಇಲ್ಲದ ದಾರಿಯಲ್ಲಿ, ನಾನು ಅವನೊಂದಿಗೆ ಪಂಪು ಹುಡುಕಿದೆ. ಕೋಲಿನಿಂದ ಪೊದೆ ಸರಿಸಿದೆ, ಚರಂಡಿಗೆ ಇಳಿದೆ, ಎದುರು ಬಂದವರನ್ನೆಲ್ಲ ಕೇಳಿದೆ. ಎಷ್ಟು ಚೆನ್ನಾಗಿ ಹುಡುಕಿದೆ ಎಂದರೆ, ಸಿಗಬಹುದು ಎಂದು ನನಗೇ ಒಂದೊಂದು ಸಲ ಅನಿಸುತ್ತಿತ್ತು. ಮಧ್ಯಾಹ್ನ ದಣಿದು ಗೇರುಹಣ್ಣು ಕಿತ್ತು ತಿಂದೆವು. ರಸ ಅಂಗಿಯ ಮೇಲೆ ಸುರಿದು, ಹೋಗದ ಕಲೆಯಾಯಿತು. ಹಾರವಾಡದಲ್ಲಿ ಸಮುದ್ರಕ್ಕೆ ಇಳಿದೆವು. ಕಡಲ ಪಕ್ಕದಲ್ಲೇ ಬೆಳೆದರೂ ನನಗೆ ಈಜು ಬರುವುದಿಲ್ಲವೆಂದು ತಿಳಿದು ದಾಮು ಎಷ್ಟು ನಕ್ಕ. ಹೊಟ್ಟೆಯ ಕೆಳಗೆ ಕೈಯಿಟ್ಟು ನನ್ನನ್ನು ತೇಲಿಸಿದ. ಸಂಜೆ ಬರಿಗೈಯಲ್ಲಿ ಹಿಂದಿರುಗುವಾಗ ನಾವು ಗೆಳೆಯರಾಗಿದ್ದೆವು.

ಆ ಗೆಳೆತನ ಮುರಿಯಲಿಲ್ಲ. ನಮ್ಮಿಬ್ಬರ ಮದುವೆ, ಎರಡೂ ಮನೆ ಸೇರಿ ಐದು ಮಕ್ಕಳು, ಲೆಕ್ಕವಿಲ್ಲದಷ್ಟು ಊಟಗಳು. ಪ್ರತಿ ಊಟದಲ್ಲೂ ಅವನು ಹುಲ್ಲಿನ ಟೈರಿನ ಕತೆ ಹೇಳುವವನು, "ಗಾಳಿ ಹಾಂಗಿತ್ತು, ಇವ್ನಿಗೆ ಕೇಳ್ಲಿಲ್ಲ" ಎನ್ನುವವನು, ನಾನು ತಲೆಯಾಡಿಸುವವನು. ಈಗ ಹೇಳಬೇಕು, ಈಗ — ಎನ್ನುವಷ್ಟರಲ್ಲಿ ಎಲ್ಲರೂ ನಗುತ್ತಿದ್ದರು. ಆ ನಗುವನ್ನು ಕೆಡಿಸಲು ನನ್ನಿಂದ ಆಗಲಿಲ್ಲ. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಹೇಡಿತನ ಎಷ್ಟು ಹಿತವಾಗಿತ್ತು ಎನ್ನುತ್ತಿದ್ದೇನೆ.

ಹೋದ ವಾರ ಅವನ ಮನೆಯ ಜಗಲಿಯಲ್ಲಿ ಇಬ್ಬರೇ ಇದ್ದಾಗ ಹೇಳಿಬಿಟ್ಟೆ. ಕೂಗು, ಕೇದಗೆಯ ಮೆಳೆ, ಭಾನುವಾರದ ಹುಡುಕಾಟ, ಒಂದನ್ನೂ ಬಿಡದೆ. ದಾಮು ಬೈಯುತ್ತಾನೆ, ಇಲ್ಲವೇ ನಗುತ್ತಾನೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ನಾ ಜೂಜಲ್ಲಿ ಪಂಪು ಸೋತೆ ಅಂದ್ಕಂಡಿದ್ದ ಅಣ್ಣ," ಎಂದ. "ಸಾಯೂ ತನಕ ಹಾಂಗೇ ಅಂದ್ಕಂಡಿದ್ದ. ಅತ್ಗೆನೂ ಹಾಂಗೇ ತಿಳ್ಕಂಡದ್ದು."

ಇಷ್ಟು ವರ್ಷದಲ್ಲಿ ಒಂದು ಸಲವೂ ಅವನು ಇದನ್ನು ನನಗೆ ಹೇಳಿರಲಿಲ್ಲ. ಹೇಳಿದರೆ ನನಗೆ ಬೇಜಾರಾಗುತ್ತದೆಂದು.

ಆಮೇಲೆ ಎದ್ದು ಒಳಗೆ ಹೋದ. ಹೊರಟುಬಿಡಲೇ ಎಂದು ಯೋಚಿಸುತ್ತಿದ್ದೆ. ಎರಡು ಲೋಟ ಚಹಾ ತಂದು ಒಂದನ್ನು ನನ್ನ ಮುಂದಿಟ್ಟ. "ಆ ಆಯ್ತವಾರ ಮಾತ್ರ ಚಲೋ ಇತ್ತು ರಘು," ಎಂದ. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಹಾ ಕುಡಿದೆವು.

ಅವನ ಅತ್ತಿಗೆ ಇನ್ನೂ ಬೈತಖೋಲಿನಲ್ಲಿದ್ದಾಳೆ. ಕಣ್ಣು ಮಂಜು, ಕಿವಿ ಚುರುಕು. ನಾಳೆ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗುತ್ತೇನೆ. ದಾಮು, ತಾನೂ ಜೊತೆಗೆ ಬರುತ್ತೇನೆ ಎಂದ. ಅವನು ಬಂದರೆ ಮಾತು ಹಗುರಾಗುತ್ತದೆ, ಯಾರಾದರೂ ನಗುತ್ತಾರೆ, ನಾನು ಮತ್ತೆ ತಪ್ಪಿಸಿಕೊಳ್ಳುತ್ತೇನೆ. ಬೇಡ ಎಂದೆ. ಒಬ್ಬನೇ ಹೋಗುತ್ತೇನೆ.